ಎಡಬಾಗಿಲಿನ ಗೀರು

ಅಪ್ಪಾ,

ನೀನು ಹೋದ ಮೇಲೆ ದಲ್ಲಾಳಿಯ ಕೈಲಿ ಮಾರಿಸಿದ ನಿನ್ನ ಕಪ್ಪು ಕಾರು ಇವತ್ತು ನನ್ನ ಪಾಲಿಶ್ ಅಂಗಡಿಗೇ ಬಂದಿತ್ತು. ಈಗಿನ ಒಡತಿ ಹಲ್ಲಿನ ಡಾಕ್ಟರು. ಎಡಬಾಗಿಲು ತೋರಿಸಿ, "ಈ ಗೀರು ಹೋಗುತ್ತಾ ನೋಡಿ" ಎಂದರು.

ನೋಡುವುದೇನು, ಒಂಬತ್ತನೇ ವಯಸ್ಸಿನಲ್ಲಿ ಸೈಕಲ್ ತಾಗಿಸಿ ಅದನ್ನು ಎಳೆದವಳೇ ನಾನು. ಮನೆಗೆ ಯಾರೇ ಬರಲಿ, ಕೂರುವ ಮೊದಲೇ ನೀನು ಅದನ್ನು ತೋರಿಸುತ್ತಿದ್ದೆ. "ನನ್ನ ಮಗಳ ಘನಕಾರ್ಯ. ಎಂಥ ಒರಟು ಪಾಲಿಶ್ ಕಾಂಪೌಂಡ್ ಹಾಕಿ ಉಜ್ಜಿದ್ರೂ ಹೋಗಲ್ಲ, ಅಷ್ಟು ಆಳ." ಮದುವೆಯ ದಿನ ಬೀಗರನ್ನೂ ಬಿಡಲಿಲ್ಲ.

ಅದನ್ನೇ ನಂಬಿ ಇವತ್ತು ಒರಟು ಕಾಂಪೌಂಡಿನ ಡಬ್ಬಿ ತೆರೆದೆ. ಕೆಲಸ ಕಲಿಸುವಾಗ ನೀನು ಗದರುತ್ತಿದ್ದದ್ದು ನೆನಪಾಯಿತು: "ಮೊದ್ಲು ನಯದ್ದು ಹಚ್ಚಿ ನೋಡೇ! ಉಜ್ಜಿ ತೆಗೆದ ಬಣ್ಣ ವಾಪಸ್ ಬರಲ್ಲ." ಸರಿ, ಮೃದುವಾದ ಸ್ಪಂಜಿಗೆ ಎಲ್ಲಕ್ಕಿಂತ ನಯವಾದ ಕಾಂಪೌಂಡನ್ನು ಕಡಲೆಕಾಳಿನಷ್ಟು ಹಾಕಿ, ಗೀರಿನ ಒಂದು ತುದಿಯ ಮೇಲೆ ನಾಲ್ಕು ಸುತ್ತು ಆಡಿಸಿ ಒರೆಸಿದೆ.

ಅಷ್ಟಕ್ಕೇ ಹೋಯಿತು, ಅಪ್ಪಾ.

ಉಳಿದ ಭಾಗದ ಮೇಲೆ ಉಗುರಾಡಿಸಿದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ; ಆಳವೇ ಇಲ್ಲದ, ಬರೀ ಮೇಲ್ಮೇಲಿನ ಗೀರು. ಊರವರ ಕಾರಿನ ಗೀರುಗಳನ್ನೆಲ್ಲ ಉಗುರಿನಲ್ಲೇ ಅಳೆಯುತ್ತಿದ್ದ ನಿನಗೆ ಇದೊಂದು ತಿಳಿದಿರಲಿಲ್ಲವೆಂದು ಯಾರ ಕಿವಿಗೆ ಹೂವಿಡುತ್ತೀಯ?

ಪೂರ್ತಿ ತೆಗೆಯಲು ಐದು ನಿಮಿಷವೂ ಹಿಡಿಯಲಿಲ್ಲ. ಡಾಕ್ಟರಮ್ಮ ಬೆರಗಾಗಿ, "ಇಷ್ಟು ಸುಲಭಾನಾ? ಮತ್ತೆ ಹಿಂದಿನವ್ರು ಯಾಕೆ ಹಾಗೇ ಬಿಟ್ಟಿದ್ರು?" ಎಂದು ಕೇಳಿದರು.

"ಪಾಪ, ಅವ್ರಿಗೆ ಈ ಕೆಲ್ಸ ಗೊತ್ತಿರ್ಲಿಲ್ಲ ಅನ್ಸುತ್ತೆ" ಎಂದೆ.

ನಿನ್ನ ಮರ್ಯಾದೆ ಉಳಿಸಲು ಬೇರೆ ಸುಳ್ಳು ಹೊಳೆಯಲಿಲ್ಲ.