ಓಟಗಾರ್ತಿಯ ನೂರೆಂಟು

ಮಂಗಳವಾರ, ಮಾರ್ಚ್ ೧೧

ಆ ಓಟಗಾರ್ತಿಯ ವರದಿಗೆ ಹೋದ ವಾರ ‘ಎಲ್ಲ ಸಹಜ’ ಎಂದು ಬರೆದು ಸಹಿ ಹಾಕಿದವಳು ನಾನೇ. ಇವತ್ತು ಅವಳು ಮತ್ತೆ ನಮ್ಮ ಲ್ಯಾಬಿಗೆ ಬಂದಾಗಿನಿಂದ ಅದೇ ಚುಚ್ಚುತ್ತಿದೆ.

“ಅಕ್ಕಾ, ಎರಡನೇ ಸುತ್ತಿಗೇ ಉಸಿರು ಸಾಲಲ್ಲ. ನಿಮ್ಮ ರಿಪೋರ್ಟ್ ನೋಡಿ ಕೋಚ್ ಸರ್ ‘ನಾಟಕ ಬಿಡು’ ಅಂದ್ರು. ಶುಕ್ರವಾರ ಟೀಮಿಂದ ತೆಗೀತಾರಂತೆ” ಎಂದಳು. ಅಳಲಿಲ್ಲ. ಅತ್ತಿದ್ದರೇ ವಾಸಿಯಿತ್ತು.

ಕಪಾಟು ತಡಕಿ ಅವಳ ಎರಡು ವರ್ಷದ ಹಿಂದಿನ ವರದಿ ತೆಗೆದೆ. ಮಾಸ್ಕ್ ಕಟ್ಟಿಕೊಂಡು ಟ್ರೆಡ್‌ಮಿಲ್ ಮೇಲೆ ಓಡುವಾಗ ದೇಹ ಎಷ್ಟು ಆಮ್ಲಜನಕ ಬಳಸುತ್ತದೆ ಎಂಬ ಲೆಕ್ಕ ಅದು. ಅವಳ ವಯಸ್ಸಿನ ಸಾಮಾನ್ಯ ಹೆಂಗಸರಿಗೆ ನೂರು ಎಂದಿಟ್ಟುಕೊಂಡರೆ ಅವಳದು ಆಗ ನೂರ ಅರವತ್ತೈದು. ಈಗ ನೂರೆಂಟು. ನನಗೆ ನೂರೆಂಟು ಬಂದಿದ್ದರೆ ಕುಣಿದಾಡುತ್ತಿದ್ದೆ. ಅವಳ ಪಾಲಿಗೆ ಅದು ಮೂರರಲ್ಲೊಂದು ಪಾಲು ಕಸುವು ಕಳೆದುಕೊಂಡ ಹಾಗೆ. ಅದನ್ನು ಯಂತ್ರ ನೋಡಲಿಲ್ಲ, ನಾನೂ ನೋಡಲಿಲ್ಲ.

ಎರಡೂ ಹಾಳೆ ಹಿಡಿದು ಡಾಕ್ಟರಮ್ಮನ ಮುಂದೆ ನಿಂತು, “ತಪ್ಪು ನನ್ನದೇ, ಮೇಡಂ” ಎಂದೆ. ಅವರು ಬೈಯಲಿಲ್ಲ, ರಕ್ತಪರೀಕ್ಷೆ ಬರೆದುಕೊಟ್ಟರು. ಸಂಜೆಯೊಳಗೆ ಗೊತ್ತಾಯಿತು: ರಕ್ತದಲ್ಲಿ ಕಬ್ಬಿಣದ ಅಂಶ ತಳ ಮುಟ್ಟಿದೆ. ಕೆಲವು ತಿಂಗಳ ಔಷಧಿಯಲ್ಲಿ ಸರಿಹೋಗುವಂಥದ್ದು. ಕೋಚ್‌ಗೆ ಡಾಕ್ಟರಮ್ಮನೇ ಫೋನ್ ಮಾಡಿದರು. ತಂಡದಿಂದ ತೆಗೆಯುವುದಿಲ್ಲವಂತೆ, ವಿಶ್ರಾಂತಿ ಕೊಡುತ್ತಾರಂತೆ.

“ಹಾಗಾದ್ರೆ ನಂಗೆ ನಿಜವಾಗ್ಲೂ ಕಾಯಿಲೆನಾ?” ಎಂದು ಕೇಳುವಾಗ ಅವಳ ಖುಷಿ ನೋಡಬೇಕಿತ್ತು! ಕಾಯಿಲೆಯ ಸುದ್ದಿ ಕೇಳಿ ಹೀಗೆ ಮುಖ ಅರಳಿಸಿದವರನ್ನು ನಾನಂತೂ ಕಂಡಿಲ್ಲ.

ನಾಳೆ ತಂಡದ ಉಳಿದ ಹನ್ನೊಂದು ಮಂದಿ ಓಟಗಾರರ ಹಳೆಯ ವರದಿಗಳನ್ನೂ ತೆಗೆದು ಕೂರಬೇಕು. ಕಣ್ಣು ಎಳೆಯುತ್ತಿದೆ, ಆದರೂ ನಿದ್ದೆ ಬರುತ್ತಿಲ್ಲ.