ನಾಲ್ಕು ಸೆಕೆಂಡಿನ ಗ್ಯಾಪ್

ಮಾರ್ಚ್ ೪, ಬೆಳಿಗ್ಗೆ ೯.೩೦

ಕಂಪ್ಯೂಟರ್ ಆನ್ ಮಾಡಿದೆ, ಬಾಕ್ಸ್ ಬಂತು. ಪ್ಲೇಯರ್ ಅಪ್‌ಗ್ರೇಡ್ ಮಾಡುವಿರಾ? ಕೆಳಗೆ ಎರಡು ಬಟನ್ — ಈಗಲೇ, ಆಮೇಲೆ. 'ಆಮೇಲೆ' ಒತ್ತಿದೆ. ಒಂಬತ್ತು ವರ್ಷದಿಂದ ಅಂಗಡಿ ಬಾಗಿಲು ತೆರೆದು ನಾನು ಮಾಡುವ ಮೊದಲ ಕೆಲಸ ಇದೇ.

ಹಾಡು ಶುರು. ಅಕ್ಕ ಬಾಯಿಗೆ ಗುಂಡುಪಿನ್ನು ತುಂಬಿಕೊಂಡು ಯಾರದೋ ನೀಲಿ ಗೌನಿನ ಅಂಚು ಮಡಚುತ್ತಿದ್ದಾಳೆ. ದೊಡ್ಡ ಬಟ್ಟೆ ಚಿಕ್ಕದು ಮಾಡುವುದು, ಚಿಕ್ಕದನ್ನು ದೊಡ್ಡದು ಮಾಡುವುದು — ನಮ್ಮಿಬ್ಬರ ಅಂಗಡಿ ಎಂದರೆ ಇಷ್ಟೇ. ಅಕ್ಕನ ಲೆಕ್ಕ, ಒಂದು ಹಾಡಿಗೆ ಒಂದು ಅಂಚು. ಹಾಡು ನಿಂತರೆ ಪಿನ್ನು ತೆಗೆದು ಅಂಗೈಗೆ ಹಾಕಿಕೊಳ್ಳುತ್ತಾಳೆ. ಮುಂದಿನ ಹಾಡಿಗೆ ನಾಲ್ಕು ಸೆಕೆಂಡು ಗ್ಯಾಪ್. ಹೇಳುವುದೇನಿದ್ದರೂ ಅಷ್ಟರಲ್ಲಿ ಹೇಳಿ ಮುಗಿಸಬೇಕು. ತೋಳು ಇನ್ನೊಂದಿಂಚು ಬಿಡು. ಬಾಗಿಲು ಮುಚ್ಚು, ಗಾಳಿ. ಆಮೇಲೆ ಮತ್ತೆ ಪಿನ್ನು.

ಅದೇ ದಿನ, ಮಧ್ಯಾಹ್ನ ೩

ಅಕ್ಕನಿಗೆ ಆ ಪತ್ರ ತೋರಿಸಿ ಮೂರು ದಿನವಾಯಿತು. ಬೇರೆ ಊರಿನಲ್ಲಿ ನಾಟಕದ ಉಡುಪು ಹೊಲಿಯುವ ದೊಡ್ಡ ವರ್ಕ್‌ಶಾಪಿನದು. ನನ್ನ ಕೆಲಸ ನೋಡಿ ಮೆಚ್ಚಿ ಬರುತ್ತೀರಾ ಎಂದು ಕೇಳಿದ್ದಾರೆ. ಇಪ್ಪತ್ತನೇ ತಾರೀಕಿನೊಳಗೆ ಹೇಳಬೇಕು. ಅಕ್ಕ ಓದಿದಳು, ಮಡಚಿದಳು, ಕತ್ತರಿಯ ಕೆಳಗೆ ಇಟ್ಟಳು. ಹೋಗು ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಅವಳು ಒಂದು ಮಾತು ಹೇಳದೆ ನನಗೆ ಹೆಜ್ಜೆ ಏಳುವುದಿಲ್ಲ. ಹೇಳಲಿ... ಯಾವುದಾದರೂ ಸರಿ.

ಮಾರ್ಚ್ ೫

ಸ್ಪೀಕರ್ ಕರಕರ ಎನ್ನುತ್ತಿತ್ತು. ರಿಪೇರಿಯವರು ಬಂದರು. ವೈರ್ ಸರಿ ಮಾಡಿದವರು ಸುಮ್ಮನೆ ಹೋಗಬೇಕೋ ಬೇಡವೋ? ಎರಡು ಹಾಡು ಕೇಳಿ ಹಲ್ಲುನೋವು ಬಂದವರಂತೆ ಮುಖ ಮಾಡಿದರು. ಫ್ರೀ ವರ್ಷನ್ನಿಗೆ ಈ ಗ್ಯಾಪ್ ತಪ್ಪಿದ್ದಲ್ಲವಂತೆ. ದುಡ್ಡು ಕೊಟ್ಟರೆ ಒಂದು ಹಾಡು ಇನ್ನೊಂದರೊಳಗೆ ಕರಗಿ ಹೋಗುತ್ತದಂತೆ.

"ಎರಡು ವಾರ ಸುಮ್ನೆ ಹಾಕಿ ನೋಡಿ ಮೇಡಮ್. ಹಿಡಿಸಿದ್ರೆ ದುಡ್ಡು ಕಟ್ಟಿ. ಇಲ್ಲಾಂದ್ರೆ ಹಳೇದು ವಾಪಸ್ ಬರುತ್ತೆ."

ಹೂಂ ಅಂದುಬಿಟ್ಟೆ. ಹಾಡು ಚೆನ್ನಾಗಿ ಹರಿದರೆ ಅಕ್ಕನ ಮನಸ್ಸು ಮೆತ್ತಗಾದೀತು, ಬಾಯಿ ಬಿಟ್ಟಾಳು — ಇದು ನನ್ನ ಬುದ್ಧಿವಂತಿಕೆ.

ಮಾರ್ಚ್ ೬, ಮಧ್ಯಾಹ್ನ

ಎಂಥ ಸುಖ. ಒಗೆಯುವಾಗ ಒಂದು ಬಟ್ಟೆಯ ಬಣ್ಣ ಇನ್ನೊಂದಕ್ಕೆ ಇಳಿದ ಹಾಗೆ ಹಾಡಿನೊಳಗೆ ಹಾಡು. ಎಲ್ಲಿ ಮುಗಿಯಿತು, ಎಲ್ಲಿ ಹುಟ್ಟಿತು, ಗೊತ್ತೇ ಆಗುವುದಿಲ್ಲ. ಕಿಟಕಿಯ ಬಿಸಿಲು ಟೇಬಲ್ಲಿನಿಂದ ನೆಲಕ್ಕೆ, ನೆಲದಿಂದ ಗೋಡೆಗೆ. ಸೀಮೆಸುಣ್ಣದ ಪುಡಿ ಗಾಳಿಯಲ್ಲಿ ನಿಂತಿದೆ. ಮಷಿನ್ನಿನ ಮೇಲೆ ಕೈ ಇಟ್ಟೇ ತೂಕಡಿಸಿದೆ. ಬಟ್ಟೆ ತೊಡಿಸಿಡುವ ಮೂಲೆಯ ಗೊಂಬೆ ಮಖಮಲ್ಲಿನ ಮೇಲಂಗಿ ತೊಟ್ಟು ಅಂಗಡಿಯೊಳಗೆ ಓಡಾಡುತ್ತಿತ್ತು. ಅಂಚು ನೆಲಕ್ಕೆ ತಾಗುತ್ತಿದೆ, ಅರ್ಧ ಇಂಚು ಎತ್ತಬೇಕು ಅಂದುಕೊಂಡೆ... ಎಚ್ಚರವಾಯಿತು. ಗೊಂಬೆ ಇದ್ದಲ್ಲೇ ಇತ್ತು.

ಮಾರ್ಚ್ ೯

ಒಂದೇ ದಿನಕ್ಕೆ ಮೂರು ಗೌನ್ ಮುಗಿದವು. ವರ್ಷಕ್ಕೆ ಎರಡು ಸಲ ಕೋಟು ಸಡಿಲ ಮಾಡಿಸುವ ಲಾಯರಮ್ಮ, ಏನು ಇಷ್ಟು ಬೇಗ ಎಂದು ಬೆರಗಾದರು. ನಾನು ಬೀಗಿದೆ.

ಮಾರ್ಚ್ ೧೩, ಬೆಳಿಗ್ಗೆ ೧೧

ಈಗ ಹೊಳೆಯಿತು. ನನ್ನ ತಲೆಗಿಷ್ಟು.

ಅಂಗಡಿಯಲ್ಲಿ ಅಕ್ಕ ಮಾತಾಡಿ ಎಂಟು ದಿನವಾಗಿದೆ. ಕೋಪವಲ್ಲ. ಪಿನ್ನು ತೆಗೆಯಲು ಅವಳಿಗೆ ಜಾಗವೇ ಸಿಗುತ್ತಿಲ್ಲ. ಒಂದು ಅಂಚು ಮುಗಿಸಿ ತಲೆ ಎತ್ತುತ್ತಾಳೆ, ಸ್ಪೀಕರಿನ ಕಡೆ ನೋಡುತ್ತಾಳೆ, ರಸ್ತೆ ದಾಟಲು ಗಾಡಿಗಳು ನಿಲ್ಲಲಿ ಎಂದು ಕಾಯುವವರ ಹಾಗೆ. ನಿಲ್ಲುವುದಿಲ್ಲ. ಇನ್ನೊಂದು ಅಂಚು ಹಿಡಿಯುತ್ತಾಳೆ. ಮೂರು ಗೌನಿನ ಗುಟ್ಟು ಇದು.

ಮನೆಯಲ್ಲಿ ಹೇಳಬಹುದಲ್ಲ? ಇಲ್ಲ. ಮನೆಯಲ್ಲಿ ನಾವು ಉಣ್ಣುತ್ತೇವೆ, ಮಲಗುತ್ತೇವೆ, ನಲ್ಲಿ ಸೋರುತ್ತಿದೆ ಎನ್ನುತ್ತೇವೆ. ದೊಡ್ಡ ಮಾತೆಲ್ಲ ಇಲ್ಲೇ. ಆಸ್ಪತ್ರೆಯಿಂದ ಫೋನ್ ಬಂದ ದಿನವೂ ಅಕ್ಕ ಕೈಯಲ್ಲಿದ್ದ ಅಂಚು ಮುಗಿಸಿ, ಹಾಡು ಮುಗಿದ ಮೇಲೆ, "ಅಮ್ಮ ಹೋದ್ಳು ಕಣೇ" ಅಂದಿದ್ದಳು. ಮುಂದಿನ ಹಾಡು ಶುರುವಾಗಿತ್ತು. ಇಬ್ಬರೂ ಅದು ಮುಗಿಯುವವರೆಗೂ ಅತ್ತಿದ್ದೆವು.

ಸಂಜೆ ೫

ನಾನೇ ಪಾಜ್ ಒತ್ತಿ ಹಾಡು ನಿಲ್ಲಿಸಿ ನೋಡಿದೆ. ಅಕ್ಕ ಬೆಚ್ಚಿ, ಪಿನ್ನು ತೆಗೆದು, ಕೆಟ್ಟುಹೋಯಿತಾ ಎಂದು ಕೇಳಿದಳು. ಇಲ್ಲ ಅಂದೆ. ಮತ್ತೆ ಯಾಕೆ ನಿಲ್ಲಿಸಿದೆ ಎಂದು ಪಿನ್ನು ಬಾಯಿಗಿಟ್ಟಳು. ಕೇಳಿ ಪಡೆದ ಗ್ಯಾಪ್ ಅವಳಿಗೆ ಹಿಡಿಸುವುದಿಲ್ಲ, ತಾನಾಗಿ ಬರಬೇಕು.

ಮಾರ್ಚ್ ೧೯, ಬೆಳಿಗ್ಗೆ ೯.೩೦

ಬಾಕ್ಸ್ ಬಂತು. ಅವಧಿ ಮುಗಿದಿದೆ. ದುಡ್ಡು ಕಟ್ಟುವಿರೋ, ಹಳೆಯದಕ್ಕೆ ಮರಳುವಿರೋ? ಈ ಸಲ 'ಆಮೇಲೆ' ಇಲ್ಲ.

ಕಾರ್ಡ್ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತೆ. ದುಡ್ಡಿಗಾಗಿ ಅಲ್ಲ. ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು — ಭಯ. ಹಾಡು ಹೀಗೇ ಹರಿಯುತ್ತಿದ್ದರೆ ಅಕ್ಕ ಏನೂ ಹೇಳುವುದಿಲ್ಲ, ನಾಳಿನ ಗಡುವು ಕಳೆದುಹೋಗುತ್ತದೆ, ನಾನು ನಿರ್ಧಾರವನ್ನೇ ಮಾಡಬೇಕಿಲ್ಲ. ಕನಸಿನ ಹಾಗೆ ತೇಲಿಕೊಂಡು ಇದ್ದುಬಿಡಬಹುದು.

ಹಳೆಯದನ್ನೇ ಒತ್ತಿದೆ.

ಮೊದಲ ಹಾಡು ಮುಗಿಯಿತು. ನಿಶ್ಶಬ್ದ. ಅಕ್ಕ ಪಿನ್ನು ತೆಗೆದಳು. "ಅಬ್ಬ" ಅಂದಳು, ಅಷ್ಟೇ. ದಿನವೆಲ್ಲ ತೋಳು, ಕಾಲರು, ಗುಂಡಿಯ ಮಾತು. ಎರಡು ವಾರದ್ದು ಬಾಕಿ ಇತ್ತಲ್ಲ.

ಮಾರ್ಚ್ ೨೦, ೧೦.೪೦

ಈಗ ಗ್ಯಾಪಿನಲ್ಲಿ ಅಕ್ಕ ಪಿನ್ನು ತೆಗೆದು, ಅಂಗೈ ನೋಡಿಕೊಂಡು ತಡಮಾಡಿದಳು. ಮೂರು ಸೆಕೆಂಡು ಅದಕ್ಕೇ ಹೋಯಿತು. ಆಮೇಲೆ ಒಂದೇ ಶಬ್ದ: "ಹೋಗು."

ಹಾಡು ಶುರುವಾಯಿತು. ಬಾಯಿಗೆ ಪಿನ್ನು.

ಹೋಗು ಅಂದಳು. ಇಷ್ಟು ಸಲೀಸಾಗಿ. ಕಣ್ಣು ತುಂಬಿ ಹೊಲಿಗೆ ಕಾಣುತ್ತಿಲ್ಲ. ಆದರೆ ಅಳುತ್ತಿರುವಾಗಲೇ ಒಂದು ಉದ್ದ ಟೇಬಲ್ ಕಂಡಿತು. ಅದರ ತುಂಬ ಕೆಂಪು ಮಖಮಲ್ಲು, ಕೈಯಲ್ಲಿ ಅಳತೆ ಟೇಪು. ನನ್ನ ಕೈಯೇ. ದುಃಖದ ಅಡಿಯಲ್ಲಿ ಒಂದು ಚೂರು ಖುಷಿ. ನಾಚಿಕೆಯಾಯಿತು.

೧೦.೪೫

"ಅಂತ ನಾನು ಹೇಳಲ್ಲ."

ಅಯ್ಯೋ ಇವಳ! ಆ ಗ್ಯಾಪಿನ ಮಾತನ್ನು ಈ ಗ್ಯಾಪಿನಲ್ಲಿ ಮುಗಿಸಿದಳು. ನಾಲ್ಕೂವರೆ ನಿಮಿಷ ನನ್ನನ್ನು ಊರು ಬಿಡಿಸಿ ಈಗ ವಾಪಸ್ ಕರೆದಂತಾಯಿತು. ನೆಮ್ಮದಿ ಆಗಬೇಕಿತ್ತು. ಆಗಲಿಲ್ಲ. ಟೇಬಲ್ಲು, ಮಖಮಲ್ಲು ಎಲ್ಲ ಹೋದವು. ಎದೆಯಲ್ಲಿ ಏನೋ ಇಳಿದುಹೋಯಿತು.

೧೦.೪೯

"ಹೋಗಬೇಡ."

ಈ ಸಲ ಮೋಸಹೋಗುವುದಿಲ್ಲ. ಅವಳ ಕಣ್ಣಂಚು ನೋಡುತ್ತಾ ಕಾಯುತ್ತಿದ್ದೇನೆ.

೧೦.೫೪

"ಅಂತಾನೂ ಹೇಳಲ್ಲ. ನೀನೇ ಹೇಳು."

ಪೂರ್ತಿ ವಾಕ್ಯ ಹೇಳಲು ಅಕ್ಕನಿಗೆ ಮೂರು ಹಾಡು ಬೇಕಾಯಿತು. ಅವಳು ಏನೂ ಹೇಳಲಿಲ್ಲ, ಆದರೂ ನನಗೆ ಉತ್ತರ ಸಿಕ್ಕಿದೆ. ಯಾವ ತುಂಡಿಗೆ ಎದೆ ಹಗುರವಾಯಿತು, ಯಾವುದಕ್ಕೆ ಭಾರವಾಯಿತು, ನನಗೆ ಗೊತ್ತು. ಅಕ್ಕನ ಮೇಲೆ ಪ್ರಾಣ. ಆದರೂ ಹೋಗಬೇಕು.

ಮುಂದಿನ ಗ್ಯಾಪ್ ನನ್ನದು. ತುಂಡು ಮಾಡಿ ಹೇಳಿದರೆ ಪಾಪ ಇಡೀ ಹಾಡು ಒದ್ದಾಡುತ್ತಾಳೆ. ಒಂದೇ ಉಸಿರಿಗೆ ಹೇಳಿಬಿಡಬೇಕು. ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡೆ, ನಾಲ್ಕು ಸೆಕೆಂಡಿಗೆ ಸರಿಯಾಗಿ ಕೂರುತ್ತದೆ. ಹಾಡು ಮುಗಿಯುತ್ತಾ ಬಂತು. ಅಕ್ಕ ಆಗಲೇ ಪಿನ್ನು ತೆಗೆದು ನನ್ನ ಕಡೆ —