ಚಾ ನಾರತೈತಿ

ಎರೆಕೊಪ್ಪ, ತಾ. ನವಲಗುಂದ
೬ ಮಾರ್ಚ್ ೨೦೨೫

ಯಜಮಾನರಿಗೆ ಮಹಾನಂದಾಳ ಶರಣು.

ಹೊಟ್ಟೆ ಹೇಗಿದೆ? ಅಣ್ಣಿಗೇರಿಯಲ್ಲಿ ನಿಮ್ಮ ತಮ್ಮನ ಮನೆಯ ಫಿಲ್ಟರ್ ನೀರು ಕುಡಿಯುವವರಿಗೆ ಏನಾಗುತ್ತದೆ ಬಿಡಿ. ನೀವು ಫೋನ್ ಆಫ್ ಮಾಡಿ ಕುಳಿತಿದ್ದೀರಿ. ಅದಕ್ಕೇ ಕಡಲೆ ಮಾರಲು ಅಲ್ಲಿಗೆ ಹೊರಟಿರುವ ಈರೇಶನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನಮ್ಮ ಮಗಳ ಮದುವೆಯನ್ನು ಬೀಗರು ಇನ್ನೂ ಹೊಗಳುತ್ತಿದ್ದಾರೆ. ಹೊಗಳದೆ ಏನು ಮಾಡ್ಯಾರು? ಅವರಿಗೆ ಬಾಟಲಿ ನೀರು ತರಿಸಿದ್ದಿರಿ, ನಳದ ನೀರು ಕುಡಿದವರು ನಮ್ಮೂರಿನವರು. ಮದುವೆಗೆ ಮುಂಚೆ ವಾಟರ್‌ಮನ್ ಮಾಬುಸಾಬನನ್ನು ನಮ್ಮ ಕಟ್ಟೆಗೆ ಕರೆಸಿ ನೀವು ಅಂದದ್ದು ನನ್ನ ಕಿವಿಯಲ್ಲೇ ಇದೆ. “ಬ್ಲೀಚಿಂಗ್ ಪೌಡರಿಗೆ ಚಾ ಅಗದಿ ನಾರತೈತಿ. ಬೀಗರು ಏನಂದಾರು? ಮದುವಿ ಮುಗಿಯೋತನಾ ಊರ ನೀರಿನ ಟಾಕಿಗೆ ಹಾಕಬ್ಯಾಡ.” ಅವನು, “ಬಾಜೂ ಊರಾಗ ವಾಂತಿಭೇದಿ ಐತ್ರಿ ಮೆಂಬರ್ರ, ಈಗರ ಬ್ಯಾಡ್ರಿ” ಅಂದ. “ಪಂಚಾಯ್ತಿ ಮೆಂಬರ್ ನೀನೋ ನಾನೋ ಲೇ?” ಅಂದಿರಿ. ಅವನು ಅಂದಿನಿಂದಲೇ ಪೌಡರ್ ಹಾಕುವುದು ನಿಲ್ಲಿಸಿದ.

ಹಂದರ ಬಿಚ್ಚುವ ಮೊದಲೇ ಓಣಿಗೆ ಓಣಿಯೇ ತಂಬಿಗೆ ಹಿಡಿದು ಓಡತೊಡಗಿತು. ಶಾಲೆಯಲ್ಲಿ ಮಲಗಿಸಿ ಸಲೈನ್ ಹಚ್ಚಿದರು. ನಿಮ್ಮನ್ನು ಎತ್ತಿ ಆಡಿಸಿದ ಸೋದರತ್ತೆ ಅನ್ನವ್ವ “ಮಡಿವಾಳ್ಯಾ ಬಂದನೇನ?” ಎಂದು ಕೇಳುತ್ತಲೇ ಕಣ್ಣು ಮುಚ್ಚಿದಳು. ನನ್ನ ಯಜಮಾನ ಮಡಿವಾಳೆಪ್ಪನವರು ಆಗಲೇ ಅಣ್ಣಿಗೇರಿ ಬಸ್ಸು ಹತ್ತಿದ್ದರು. ಮಣ್ಣಿಗೂ ಬರಲಿಲ್ಲ ನೀವು. ಥೂ, ಬರೆಯಲು ನನಗೇ ನಾಚಿಕೆ.

ಅನ್ನವ್ವನ ಕುಣಿ ತೋಡಲು ಮಾಬುಸಾಬನೂ ನಿಂತಿದ್ದ. ಅದೇ ಸಂಜೆ ಪಂಚಾಯ್ತಿಯವರು, ಪೌಡರ್ ಹಾಕದೆ ಊರು ಕೆಡಿಸಿದ ಎಂದು ಅವನನ್ನು ಕೆಲಸದಿಂದ ತೆಗೆದರು. “ಮೆಂಬರ್ರ ಬ್ಯಾಡ ಅಂದಿದ್ರು” ಎಂದು ಅವನು ಬಾಯಿ ಬಾಯಿ ಬಡಿದುಕೊಂಡರೂ ಯಾರೂ ನಂಬಲಿಲ್ಲ. ಅವನ ಹೆಂಡತಿ ಮೌಲಾಬಿಗೆ ಈಗ ಕಿರಾಣಿ ಅಂಗಡಿಯವನೂ ಸಾಮಾನು ಕೊಡುವುದಿಲ್ಲ. ನಿನ್ನೆ ನಮ್ಮ ಹಿತ್ತಿಲಿಗೆ ಬಂದು, “ಅಕ್ಕಾರ, ನೀವರ ಕೇಳೀರಲ್ರಿ?” ಅಂದಳು. ಕೇಳಿದ್ದೇನೆ. ಒಂದೊಂದು ಮಾತೂ ಕೇಳಿದ್ದೇನೆ.

ದೇವರು ನಿಮಗೆ ಆಯುಷ್ಯ ಕೊಡಲಿ, ಜೊತೆಗೆ ಒಂದಿಷ್ಟು ಮಾನವನ್ನೂ ಕೊಡಲಿ. ಮೈದುನನಿಗೆ, ನೆಗೆಣ್ಣಿಗೆ ನನ್ನ ಶರಣು ಹೇಳಿ.

ನಿಮ್ಮ
ಮಹಾನಂದಾ

ತಾ.ಕ.: ಈರೇಶ ಟ್ರ್ಯಾಕ್ಟರ್ ಚಾಲೂ ಮಾಡಿ ನಿಂತಿದ್ದಾನೆ. ನಾಳೆ ತಾಲೂಕಿನ ಸಾಹೇಬರು ವಿಚಾರಣೆಗೆ ಬರುತ್ತಾರೆ. ನೀವು ಬಂದು ನಿಮ್ಮ ಬಾಯಿಂದಲೇ ಹೇಳಿದರೆ ನಾನು ಒಳಗೆ ಚಾ ಮಾಡುತ್ತಿರುತ್ತೇನೆ. ಬರದಿದ್ದರೆ ಅದೇ ಕಟ್ಟೆಯ ಮೇಲೆ ನಿಂತು, ಊರವರೆಲ್ಲರ ಎದುರು ನಾನು ಹೇಳುತ್ತೇನೆ. ಟಾಕಿಗೆ ಮತ್ತೆ ಪೌಡರ್ ಹಾಕುತ್ತಿದ್ದಾರೆ, ಚಾ ಮಾತ್ರ ಈಗ ನಾರುತ್ತದೆ. ಕುಡಿಯುವುದನ್ನು ರೂಢಿ ಮಾಡಿಕೊಳ್ಳಿ.